ಪಂಕ್ತಿಯಲ್ಲಿ ಕೂತ ಅಮೆರಿಕ

ಹೋದ ತಿಂಗಳು ಒಂದು ಭಾನುವಾರ, ಸಿಂಗಾಪುರದ ಬೂನ್ ಲೇಯ ನಮ್ಮ ಮನೆಯ ಹಾಲ್‌ನಲ್ಲಿ ಅಮೆರಿಕ ಎರಡು ಹೋಳಾಗುವುದರಲ್ಲಿತ್ತು. ತಪ್ಪಿಸಿದ್ದು ಮೊಸರನ್ನ!

ನಗಬೇಡಿ. ಪೂರ್ತಿ ಕೇಳಿ.

ನನ್ನ ಮಗಳು ಮಾನಸಿಯನ್ನು ನೀವು ಬಲ್ಲಿರಿ (ಈ ಅಂಕಣದಲ್ಲಿ ಅವಳ ಮಾನವನ್ನು ಎಷ್ಟು ಸಲ ಹರಾಜು ಹಾಕಿಲ್ಲ!). ಹದಿನಾಲ್ಕರ ಹುಡುಗಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ‘ಊಟ ಆಯ್ತಾ?’ ಎಂದರೆ ‘ಈಟನ್ ಆಲ್ರೆಡಿ ಲಾ’ (ಈ ‘ಲಾ’ ಇಲ್ಲಿಯ ಇಂಗ್ಲಿಷಿನ ಬಾಲ). ಸಿಟ್ಟು ಬಂದರಂತೂ ಕನ್ನಡದ ಅಂಗಡಿ ಪೂರ್ತಿ ಬಂದ್. ನಾನು ಕನ್ನಡದಲ್ಲಿ ಬಯ್ಯುತ್ತೇನೆ, ಅವಳು ಇಂಗ್ಲಿಷಿನಲ್ಲಿ ಗೆಲ್ಲುತ್ತಾಳೆ.

ಇಂಥವಳಿಗೆ ಸ್ಕೂಲಿನಲ್ಲಿ ಹಿಸ್ಟರಿ ಪ್ರಾಜೆಕ್ಟ್ ಬಂತು. ವಿಷಯ, ಅಮೆರಿಕದ ಮೊದಲ ಸರ್ಕಾರದ ಜಗಳ. ಅಧ್ಯಕ್ಷರು ಒಬ್ಬರೇ, ಪಾಪ. ಅವರ ಕೈಕೆಳಗೆ ಇಬ್ಬರು ಮಂತ್ರಿಗಳು, ಎಣ್ಣೆ ಸೀಗೆಕಾಯಿ. ಖಜಾನೆ ಮಂತ್ರಿಗೆ ಎಲ್ಲ ದೊಡ್ಡದಾಗಿರಬೇಕು. ಕೇಂದ್ರ ಬಲವಾಗಬೇಕು, ರಾಷ್ಟ್ರಕ್ಕೊಂದು ಬ್ಯಾಂಕ್ ಬೇಕು, ರಾಜ್ಯಗಳ ಸಾಲವನ್ನೆಲ್ಲ ಕೇಂದ್ರವೇ ಹೊರಬೇಕು, ವ್ಯಾಪಾರಕ್ಕಾಗಿ ಬ್ರಿಟನ್ ಜೊತೆ ಚೆನ್ನಾಗಿರಬೇಕು. ವಿದೇಶಾಂಗ ಮಂತ್ರಿಗೆ ಇದೆಲ್ಲ ಕೇಳಿದರೇ ಮೈ ಉರಿ. ರಾಜ್ಯಗಳ ಮೇಲೆ ಸವಾರಿ ಮಾಡಲು ನೀವ್ಯಾರು? ಬ್ಯಾಂಕ್ ಮಾಡಿ ಎಂದು ಸಂವಿಧಾನದಲ್ಲಿ ಎಲ್ಲಿದೆ? ಕಷ್ಟಕಾಲದಲ್ಲಿ ಕೈ ಹಿಡಿದ ಫ್ರಾನ್ಸನ್ನು ಬಿಟ್ಟು ಬ್ರಿಟನ್ ಜೊತೆ ಎಂಥ ನೆಂಟಸ್ತನ?

‘ಇದನ್ನೇ ಯುಗಾದಿಗೆ ಕನ್ನಡ ನಾಟಕ ಮಾಡಿದ್ರೆ ಹೇಗೆ?’ ಎಂದೆ. ಸುಮ್ಮನೆ ಅಂದದ್ದು. ಆದರೆ ಉಬಿ ಬಡಾವಣೆಯಲ್ಲಿ ಪ್ರತಿ ಶನಿವಾರ ನಡೆಯುವ ಕನ್ನಡ ಕ್ಲಾಸಿನಲ್ಲಿ ಇವಳಿಗೊಬ್ಬಳು ಜೀವದ ಗೆಳತಿ ಇದ್ದಾಳೆ, ಶ್ರಾವ್ಯ. ಅವಳಿಗೆ ಹುಚ್ಚು ಹಿಡಿಯಿತು, ಇವಳಿಗೆ ಅಂಟಿತು. ಮಾನಸಿ ಖಜಾನೆ ಮಂತ್ರಿ, ಶ್ರಾವ್ಯ ವಿದೇಶಾಂಗ. ಇಬ್ಬರಿಗೂ ಮೈಸೂರು ಪೇಟ. ನನ್ನ ಮಗಳು ಕನ್ನಡಿಯ ಮುಂದೆ ನಿಂತು ‘ಬಲಿಷ್ಠ ಕೇಂದ್ರವೇ ರಾಷ್ಟ್ರದ ಬೆನ್ನೆಲುಬು!’ ಎಂದು ಗರ್ಜಿಸುವುದನ್ನು ಕೇಳಿ, ಅಡುಗೆಮನೆಯಲ್ಲಿ ಸೌಟು ಹಿಡಿದು ನಾನು ಕುಣಿದೇಬಿಟ್ಟೆ.

ಅಷ್ಟರಲ್ಲಿ ನಮ್ಮ ಕನ್ನಡ ಬಳಗ ಒಡೆಯಿತು.

ಕಾರಣ ಇಬ್ಬರು. ನಮ್ಮ ಪಕ್ಕದ ಬ್ಲಾಕಿನ ನರಸಿಂಹ, ಮೈಸೂರಿನವರು, ಬ್ಯಾಂಕಿನಲ್ಲಿದ್ದಾರೆ. ಇನ್ನೊಬ್ಬರು ಶ್ರಾವ್ಯಳ ಅಪ್ಪ, ಪುಂಗೋಲ್‌ನ ಭುಜಂಗ ಶೆಟ್ಟರು, ಉಡುಪಿ ಕಡೆಯ ಎಂಜಿನಿಯರ್. ನಮ್ಮಲ್ಲಿ ಯುಗಾದಿ ಊಟಕ್ಕೆ ಒಂದೊಂದು ಏರಿಯಾದವರು ಒಂದೊಂದು ಅಡುಗೆ ಮಾಡಿ ತರುವುದು ರೂಢಿ. ಈ ಸಲ ಬೋನಸ್, ಶೇರು, ಕಾಂಡೋ ರೇಟು ಎಂದು ಊರಿಗೆ ಊರೇ ತೇಲುತ್ತಿದೆಯಲ್ಲ? ನರಸಿಂಹರಿಗೂ ರೆಕ್ಕೆ ಬಂತು. ಎಲ್ಲ ಏರಿಯಾಗಳ ಹಣ ಒಂದೇ ಫಂಡ್‌ಗೆ ಬರಲಿ, ಹಳೇ ಬಾಕಿಯನ್ನೆಲ್ಲ ಅದರಿಂದಲೇ ತೀರಿಸೋಣ, ಒಂದೇ ಅಡುಗೆಮನೆ, ಒಂದೇ ಹುಳಿ! ಹಾಲ್‌ಗೆ, ಸೌಂಡ್ ಸಿಸ್ಟಮ್‌ಗೆ ತೆಲುಗಿನವರ ಜೊತೆ ಟೈ-ಅಪ್!

ಶೆಟ್ಟರು ಸಿಡಿದರು. ಪುಂಗೋಲ್‌ನವರು ತಮ್ಮ ಬಾಕಿಯನ್ನು ಆಗಲೇ ತೀರಿಸಿದ್ದರು. ‘ನಿಮ್ ಬೂನ್ ಲೇ ಬಾಕೀನ ನಾವ್ಯಾಕ್ರೀ ಕಟ್ಬೇಕು? ಸೆಂಟ್ರಲ್ ಹುಳಿ ಅಂತ ಬೈಲಾದಲ್ಲಿ ಎಲ್ಲಿ ಬರ್ದಿದೆ? ಹೋದ್ಸಲ ಸ್ಟೇಜ್ ಹಾಕ್ಕೊಟ್ಟೋರು ಮರಾಠಿಯವ್ರು, ಈಗ ತೆಲುಗಿನವ್ರ ಜೊತೆ ಟೈ-ಅಪ್ಪಾ?’

ಕೊನೆಗೆ ತೀರ್ಮಾನವಾದದ್ದು, ಒಂದೇ ದಿನ ಎರಡು ಯುಗಾದಿ. ಅಲ್ಲೊಂದು, ಇಲ್ಲೊಂದು. ವಿಳಾಸದ ಪ್ರಕಾರ ನಾವು ನರಸಿಂಹರ ಪಕ್ಷ. ಅಂದರೆ ಖಜಾನೆ ಮಂತ್ರಿ ಬೂನ್ ಲೇಯಲ್ಲಿ, ವಿದೇಶಾಂಗ ಮಂತ್ರಿ ಪುಂಗೋಲ್‌ನಲ್ಲಿ. ನಡುವೆ ಇಡೀ ಸಿಂಗಾಪುರ. ಎದುರಾಳಿಯೇ ಇಲ್ಲದೆ ಜಗಳದ ನಾಟಕ ಆಡುವುದು ಹೇಗೆ?

‘ಫರ್ಗೆಟ್ ಇಟ್ ಲಾ’ ಎಂದು ಮಾನಸಿ ಪೇಟ ಬಿಸಾಕಿದಳು. ನಾನು ಅದನ್ನು ಹೆಕ್ಕಿಕೊಂಡು ನಿಂತೆ. ನಾಟಕ ಹೋದರೆ ಹೋಗಲಿ, ಅದರ ಜೊತೆ ಕನ್ನಡವೂ ಹೊರಟಿತಲ್ಲ!

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹುಡುಗಿಯರು ಫೋನಿನಲ್ಲಿ ಏನೋ ಹೊಸೆದಿದ್ದರು. ಮಾನಸಿ ಅರೆ ಕನ್ನಡದಲ್ಲೇ ಹೇಳಿದಳು. ‘ಅಮ್ಮ, ಆ ಮಿನಿಸ್ಟರ್ಸ್ ಇಬ್ರೂ ಒಂದು ಡಿನ್ನರ್‌ನಲ್ಲಿ ಡೀಲ್ ಮಾಡ್ಕೊಂಡ್ರು. ಈ ಇಬ್ರು ಅಂಕಲ್ಸನ್ನೂ ಊಟಕ್ಕೆ ಕರಿ. ಬಟ್ ಟೇಬಲ್ ಬೇಡ. ಎಲೆ ಹಾಕು, ನೆಲದ ಮೇಲೆ!’

ನೆಲದ ಮೇಲೆ ಯಾಕೆಂದು ನನಗೆ ಹೊಳೆಯಲಿಲ್ಲ. ಕರೆದೆ. ಮಗಳ ನಾಟಕದ ರಿಹರ್ಸಲ್ ಎಂದದ್ದಕ್ಕೆ ಇಬ್ಬರೂ ಒಪ್ಪಿದರು. ಶೆಟ್ಟರು ಎಂಆರ್‌ಟಿ ರೈಲಿನಲ್ಲಿ ದ್ವೀಪದ ಆ ಮೂಲೆಯಿಂದ ಈ ಮೂಲೆಗೆ ಬಂದರು. ಒಂದು ಕೈಯಲ್ಲಿ ಶ್ರಾವ್ಯ, ಇನ್ನೊಂದರಲ್ಲಿ ತಮ್ಮ ಮನೆಯ ಹುಳಿಯ ಡಬ್ಬಿ. (ನನ್ನ ಹುಳಿಯ ಮೇಲೆ ಅಷ್ಟು ನಂಬಿಕೆ!)

ಚಿತ್ರಾನ್ನ ಬಡಿಸುವವರೆಗೆ ಶಾಂತಿ ಇತ್ತು. ಹುಳಿಗೆ ಬಂದಾಗ ನರಸಿಂಹ ಬಾಯಿಬಿಟ್ಟರು. ‘ಶೆಟ್ರೇ, ಇದಕ್ಕೆ ಬೆಲ್ಲ ಸ್ವಲ್ಪ ಓವರ್ ಆಯ್ತು.’

ಮುಗಿಯಿತು. ಫಂಡ್, ಬೈಲಾ, ತೆಲುಗು, ಮರಾಠಿ ಎಲ್ಲ ಎಲೆಯ ಮೇಲೆ ಬಂದವು. ಶೆಟ್ಟರು ಅನ್ನ ಅರ್ಧಕ್ಕೆ ಬಿಟ್ಟು, ಎದ್ದೇಳಲು ಮಂಡಿ ಊರಿದರು. ಆಗ ಶ್ರಾವ್ಯ ತಲೆ ಎತ್ತದೆ ಹೇಳಿದಳು. ‘ಪಪ್ಪಾ, ನಂದಿನ್ನೂ ಆಗಿಲ್ಲ.’

ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯುವ ಮುಂಚೆ ಏಳುವುದುಂಟೇ? ಶೆಟ್ಟರು ಮತ್ತೆ ಕೂತರು. ಮೊಸರನ್ನ ಬಂತು. ದೊಡ್ಡವರದು ಮುಗಿಯಿತು. ಹುಡುಗಿಯರು ಮಾತ್ರ ಅಗುಳು ಅಗುಳಾಗಿ, ಇರುವೆಗಳ ಹಾಗೆ ತಿನ್ನುತ್ತಿದ್ದಾರೆ! ನೆಲದ ಮೇಲೆ ಎಲೆ ಯಾಕೆಂದು ನನಗೆ ಆಗ ಅರ್ಥವಾಯಿತು. ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ.

‘ತಿನ್ರಮ್ಮ ಬೇಗ’ ಎಂದರು ನರಸಿಂಹ, ಒಣಗಿದ ಕೈ ನೋಡಿಕೊಳ್ಳುತ್ತ.

‘ಅಂಕಲ್, ಲೈನ್ಸ್ ಪ್ರಾಕ್ಟೀಸ್ ಮಾಡ್ತಾ ತಿಂತೀವಿ’ ಎಂದು ಮಾನಸಿ ಶುರು ಮಾಡಿದಳು. ‘ಬಲಿಷ್ಠ ಕೇಂದ್ರವೇ ರಾಷ್ಟ್ರದ ಬೆನ್ನೆಲುಬು! ಎಲ್ಲರ ಸಾಲವನ್ನೂ ಕೇಂದ್ರ ಹೊತ್ತರೆ...’ ನಿಂತಳು. ಮರೆತಿದ್ದಳು, ನಿಜವಾಗಿಯೂ.

‘...ಎಲ್ರೂ ಕೇಂದ್ರಕ್ಕೆ ಅಂಟ್ಕೊಂಡಿರ್ತಾರೆ’ ಎಂದರು ಶೆಟ್ಟರು. ‘ಇವ್ರು ಎಲ್ಲಾ ಮೀಟಿಂಗ್‌ನಲ್ಲೂ ಕೊರೆಯೋದು ಅದೇ ಅಲ್ವಾ?’

ನರಸಿಂಹ ಬಿಡುತ್ತಾರೆಯೇ? ಶ್ರಾವ್ಯಳ ಪಾಲಿನ ಮಾತನ್ನು ಅವಳಿಗಿಂತ ಮೊದಲೇ, ಶೆಟ್ಟರ ರಾಗದಲ್ಲೇ ಒದರಿದರು. ‘ಬರ್ದಿಲ್ಲದ್ದನ್ನ ಮಾಡೋಕೆ ನೀವ್ಯಾರ್ರೀ?’ ಶೆಟ್ಟರು ಫಕ್ಕನೆ ನಕ್ಕುಬಿಟ್ಟರು. ಒಬ್ಬರ ವಾದ ಇನ್ನೊಬ್ಬರಿಗೆ ಬಾಯಿಪಾಠ! ಹೆಂಡತಿಯ ಮಾತನ್ನಾದರೂ ಇಷ್ಟು ಗಮನವಿಟ್ಟು ಕೇಳಿದ್ದರೋ ಇಲ್ಲವೋ.

ಕೈ ಒಣಗಿಸಿಕೊಂಡು ಕೂತಲ್ಲೇ ಒಪ್ಪಂದವಾಯಿತು. ಫಂಡ್ ಒಂದೇ, ಅದು ನರಸಿಂಹರ ಗೆಲುವು. ಊಟ ಪುಂಗೋಲ್‌ನಲ್ಲಿ, ಅದು ಶೆಟ್ಟರ ಗೆಲುವು. ಹುಳಿ ಮಾತ್ರ ಅವರವರ ಇಷ್ಟ. ತೆಲುಗು, ಮರಾಠಿ ಇಬ್ಬರನ್ನೂ ಊಟಕ್ಕೆ ಕರೆಯುವುದು, ಯಾರ ಜೊತೆಗೂ ಟೈ-ಅಪ್ ಇಲ್ಲ.

‘ಪುಂಗೋಲ್‌ನಲ್ಲಿ ಖಾಲಿ ಮಣ್ಣು ಬಿಟ್ರೆ ಏನ್ರೀ ಇದೆ?’ ಎಂದು ನರಸಿಂಹ ಗೊಣಗಿದರು.

‘ಅಂಕಲ್, ಅವ್ರ ಡೀಲ್‌ನಲ್ಲೂ ಹಾಗೇ. ಸಾಲ ಕೇಂದ್ರಕ್ಕೆ, ಅದಕ್ಕೆ ಬದ್ಲು ರಾಜಧಾನಿ ವಿದೇಶಾಂಗ ಮಂತ್ರಿ ಕಡೆಗೆ. ನದಿ ಪಕ್ಕ ಖಾಲಿ ಜಾಗದಲ್ಲಿ ಕಟ್ಟಿದ್ರು’ ಎಂದಳು ಮಾನಸಿ. ಆಮೇಲೆ ಇಬ್ಬರೂ ಹುಡುಗಿಯರು ಮೊಸರನ್ನವನ್ನು ಎರಡೇ ತುತ್ತಿಗೆ ಮುಗಿಸಿ ಎದ್ದರು!

ಹೋದ ಭಾನುವಾರ ಪುಂಗೋಲ್‌ನ ಫ್ಲ್ಯಾಟುಗಳ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಯುಗಾದಿ. ಇಬ್ಬರು ಮಂತ್ರಿಗಳು ಪೇಟ ಜಾರಿಸಿಕೊಳ್ಳುತ್ತ ಕನ್ನಡದಲ್ಲಿ ಕಿತ್ತಾಡಿದರು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವರು ಯಾರೆಂದು ಬೇರೆ ಹೇಳಬೇಕೆ? ಆಮೇಲೆ ನರಸಿಂಹ, ಶೆಟ್ಟರು ಇಬ್ಬರೂ ಮುಂದಿನ ದೀಪಾವಳಿ ಎಲ್ಲಿ ಎಂದು ಮತ್ತೆ ಶುರು ಮಾಡಿಕೊಂಡರು. ಆ ಮಂತ್ರಿಗಳೂ ಊಟದ ನಂತರ ರಾಜಿಯಾಗಿ ಉಳಿಯಲಿಲ್ಲವಂತೆ, ಎರಡು ಪಕ್ಷಗಳೇ ಹುಟ್ಟಿಕೊಂಡವಂತೆ.

ಸರಿ, ನಾಟಕ ಮುಗಿಯಿತು, ಇನ್ನು ಮನೆಯಲ್ಲಿ ಮತ್ತೆ ‘ಲಾ’ ಎಂದು ನನ್ನ ಮನಸ್ಸು ಮುದುಡಿತ್ತು. ನಿನ್ನೆ ಅವಳ ರೂಮಿಗೆ ಹೋದೆ. ನೆಲದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಚಿಪ್ಸ್ ಪ್ಯಾಕೆಟ್. ಎಂದಿನ ಹಾಗೆ ಬಯ್ಯಲು ಶುರು ಮಾಡಿದೆ. ಮಾನಸಿ ಮಂಚದ ಮೇಲೆ ಎದ್ದು ನಿಂತು, ಕೈ ಎತ್ತಿ ಗುಡುಗಿದಳು. ‘ಅಮ್ಮ! ಇದು ನನ್ನ ರಾಜ್ಯ. ಇಲ್ಲಿ ಕೇಂದ್ರ ಸರ್ಕಾರ ಕೈ ಹಾಕುವಂತಿಲ್ಲ!’

ಹುಟ್ಟಿದಾಗಿನಿಂದ ಮೊದಲ ಸಲ ಕನ್ನಡದಲ್ಲಿ ಎದುರು ಮಾತಾಡಿದ ಮಗಳನ್ನು ಬಯ್ಯುವುದು ಹೇಗೆ, ನೀವೇ ಹೇಳಿ?