ಉದುರುಗಾಯಿಯ ಪೋಲೀಸು

ನಾನು ಒಂದು ಬೇಸಿಗೆಯ ಮಟ್ಟಿಗೆ ಪೋಲೀಸಾಗಿದ್ದೆ. ಈ ಸಂಗತಿ ಸರ್ಕಾರಕ್ಕೆ ಗೊತ್ತಿಲ್ಲ. ಗೊತ್ತಿದ್ದ ಒಬ್ಬರೇ ಒಬ್ಬ ದಫೇದಾರರು ದೊಡ್ಡ ಮನಸ್ಸು ಮಾಡಿ ಸುಮ್ಮನಾದದ್ದರಿಂದ ಈವತ್ತು ಮರ್ಯಾದಸ್ಥನ ಹಾಗೆ ಕೂತು ನಿಮ್ಮ ಹತ್ತಿರ ಹರಟೆ ಹೊಡೆಯುತ್ತಿದ್ದೇನೆ. ಮೊನ್ನೆ ಮಾಲೂರಿನಲ್ಲಿ ರೈಲಿಳಿದು, ಮನೆಗೆ ಒಂದಷ್ಟು ಹೆಂಚು ಬೇಕಾಗಿತ್ತು ಅಂತ ಒಂದು ಕಾರ್ಖಾನೆಯ ಕಡೆ ಹೋದೆ. ಬಾಗಿಲಲ್ಲಿ ಖಾಕಿ ಕೋಟು ತೊಟ್ಟ ಒಬ್ಬ ಆಸಾಮಿ ಬೀಡಿ ಆರಿಸಿ, ಎದೆ ಸೆಟೆಸಿ, "ಎಲ್ಲಿಗೆ?" ಎಂದ. ನನ್ನ ಎದೆ ಧಸಕ್ಕೆಂದಿತು. ಹೆದರಿಕೆಯಿಂದಲ್ಲ. ಆ ದನಿ ನನ್ನದೇ, ಐದಾರು ವರ್ಷದ ಹಿಂದಿನದು.

ಸರ್ಕಾರದ ಪೋಲೀಸು ಇರುವಾಗ ಜನ ತಮ್ಮದೇ ಒಂದು ಪೋಲೀಸು ಯಾಕೆ ಇಟ್ಟುಕೊಳ್ಳುತ್ತಾರೆ ಎನ್ನುವುದು ಯೋಚನೆ ಮಾಡಬೇಕಾದ ವಿಷಯ. ಇದೇನು ಹೊಸದಲ್ಲ ಬಿಡಿ. ನಮ್ಮ ಸೀಮೆಯಲ್ಲಿ ಊರಿಗೊಬ್ಬ ತಳವಾರ ಮೊದಲಿಂದ ಇದ್ದ. ಅವನು ಊರಿನವನು, ಊರಿಗೇ ಜವಾಬು ಹೇಳುವವನು. ಹಳೆಯ ಪಾಳೆಯಗಾರರು ಅಂದರೆ ಮತ್ತೇನು, ಸ್ವಂತ ಪೋಲೀಸು ಕಟ್ಟಿಕೊಂಡ ಜಮೀನುದಾರರು ತಾನೆ? ಚರಿತ್ರೆ ಬಲ್ಲವರು ಈ ಮಾತನ್ನು ಒಪ್ಪಲಿಕ್ಕಿಲ್ಲ. ನಾನು ಆ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಹಾಗೆ ನಪಾಸಾಗಿ ಮುಳಬಾಗಿಲಿನ ನಮ್ಮ ಮನೆಯಲ್ಲಿ ಜಗಲಿ ಸವೆಸುತ್ತಿದ್ದಾಗಲೇ ದೊಡ್ಡಪ್ಪ ನನ್ನನ್ನು ಶ್ರೀನಿವಾಸಪುರಕ್ಕೆ ಕರೆಸಿಕೊಂಡದ್ದು.

ದೊಡ್ಡಪ್ಪ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಆ ವರ್ಷ ಚಿನ್ನದ ಗಣಿಯ ಬಂಗಲೆಗಳಿಗೆ ಹಣ್ಣು ಕೊಡಲು ಹೋಗಿದ್ದವರು ಅಲ್ಲಿ ಕಂಪನಿಯ ಸ್ವಂತ ಕಾವಲು ಪಡೆಯನ್ನು ನೋಡಿಬಿಟ್ಟರು. ಬೆಲ್ಟು, ಬಿಲ್ಲೆ, ಸೀಟಿ, ಸಲಾಮು! ಮನೆಗೆ ಬಂದವರಿಗೆ ಅನ್ನ ಸೇರಲಿಲ್ಲ. "ಅವರಿಗೆ ಚಿನ್ನ ಹೇಗೋ ನಮಗೆ ಬಾದಾಮಿ ಮಾವು ಹಾಗೆ ಕಣೋ," ಅಂದರು. ಯುದ್ಧದ ಕಾಲ, ಖಾಕಿ ಬಟ್ಟೆ ಸಿಕ್ಕುವುದೇ ಕಷ್ಟ. ಆದರೂ ಕೋಲಾರದಲ್ಲಿ ಯಾರೋ ತೊಟ್ಟು ಬಿಟ್ಟ ಕೋಟುಗಳನ್ನು ಹುಡುಕಿ ತಂದರು. ನನ್ನ ಪಾಲಿಗೆ ಬಂದ ಕೋಟಿನ ತೋಳು ಬೆರಳಿನ ತುದಿ ದಾಟುತ್ತಿತ್ತು. ಹಿತ್ತಾಳೆ ಕೆಲಸದವನ ಹತ್ತಿರ ಒಂದು ಬಿಲ್ಲೆ ಮಾಡಿಸಿ ಎದೆಗೆ ಚುಚ್ಚಿ, ಬೆಲ್ಟು ಸೀಟಿಯನ್ನೂ ಕೊಟ್ಟರು. ಇಬ್ಬರು ಕಾವಲುಗಾರರಿಗೆ ನಾನು ಯಜಮಾನನಾದೆ.

ಖಾಕಿಗೆ ಒಂದು ಗುಣ ಇದೆ ನೋಡಿ, ಅದು ಮೈಗಿಂತ ಮೊದಲು ತಲೆಗೆ ಹತ್ತುತ್ತದೆ. ಎರಡನೆಯ ದಿನವೇ ಒಬ್ಬ ರೈತ ಬಂದು ತನ್ನ ಎಮ್ಮೆ ಕಾಣುತ್ತಿಲ್ಲ ಎಂದು ಫಿರ್ಯಾದು ಹೇಳಿದ. ನಾನು ಪೋಲೀಸಲ್ಲಪ್ಪಾ ಎನ್ನಬೇಕಾಗಿತ್ತು. ಅನ್ನಲಿಲ್ಲ. ಗಂಭೀರವಾಗಿ, "ಕೊಂಬು ಹೇಗಿತ್ತು?" ಎಂದು ಕೇಳಿದೆ. ಎಮ್ಮೆ ತಾನಾಗಿಯೇ ಸಾಯಂಕಾಲ ಮನೆಗೆ ಹೋಯಿತು, ಅದರ ಕೀರ್ತಿ ನನಗೆ ಬಂತು.

ಇನ್ನು ಆ ಇಬ್ಬರಲ್ಲಿ ಒಬ್ಬನಾದ ನಮ್ಮ ಎಲ್ಲಪ್ಪನ ಮಾತು. ನಾನು ಹುಟ್ಟುವುದಕ್ಕೆ ಮುಂಚಿನಿಂದ ಆ ತೋಪು ಕಾಯುತ್ತಿದ್ದವನು ಅವನು. ಕೊಟ್ಟ ಕೋಟನ್ನು ಒಂದು ದಿನ ತೊಟ್ಟು, ಸೆಕೆಯಾಗುತ್ತದೆ ಎಂದು ಮರದ ಕೊಂಬೆಗೆ ತಗುಲಿಹಾಕಿದ್ದ. ಕೋಟು ಅಲ್ಲಿಂದಲೇ ಕಾವಲು ಕಾಯುತ್ತಿತ್ತು. ಬಿರುಗಾಳಿ ಬೀಸಿದ ಮಾರನೆಯ ದಿನ ಸುತ್ತಲಿನ ಹೆಂಗಸರು ಬಂದು ಉದುರಿದ ಕಾಯಿ ಹೆಕ್ಕುವಾಗ ಅವನು ಬೇರೆ ಕಡೆ ನೋಡುತ್ತಾ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅದು ಆ ಕಡೆಯ ಪದ್ಧತಿ. ಗುತ್ತಿಗೆ ಹಿಡಿಯುವವನು ಮರದಲ್ಲಿರುವುದನ್ನು ಹಿಡಿಯುತ್ತಾನೆ. ಗಾಳಿ ಕೆಡವಿದ್ದು ಹೆಕ್ಕಿದವರದು. ಇದು ಕಾಗದದಲ್ಲಿ ಬರೆದ ಮಾತಲ್ಲ. ದೊಡ್ಡಪ್ಪನಿಗೆ ಗೊತ್ತಿತ್ತು, ನನಗೆ ಹೇಳಲು ಮರೆತಿದ್ದರು. ಮರೆತರೋ, ಮರೆತ ಹಾಗೆ ಮಾಡಿದರೋ, ಹಿರಿಯರ ವಿಷಯ ನಮಗೆ ಬೇಡ.

ಹೀಗಿರುವಾಗ ಒಂದು ಮಧ್ಯಾಹ್ನ, ಹಿಂದಿನ ದಿನದ ಗಾಳಿಗೆ ತೋಪಿನ ತುಂಬ ಕಾಯಿ ಬಿದ್ದಿದ್ದಾಗ, ಮಡಿಲು ತುಂಬ ಕಾಯಿ ಕಟ್ಟಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳನ್ನು ಹಿಡಿದೆ. ಪಾಪಕ್ಕ ಅಂತ ಹೆಸರು. ಗಂಡ ಇಲ್ಲ, ಒಬ್ಬಳೇ ಮಗಳು, ನಾಲ್ಕು ಮನೆಯ ರಾಗಿ ಬೀಸಿ ಬದುಕುತ್ತಿದ್ದಳು ಎನ್ನುವುದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಕಳ್ಳಿ, ಮಾಲು ಸಮೇತ. ಜೀವಮಾನದಲ್ಲಿ ಮೊದಲ ಸಲ ಸೀಟಿ ಊದಿದೆ. ಅವಳನ್ನು ತೋಪಿನ ಗುಡಿಸಲಲ್ಲಿ ಕೂಡಿ ಹೊರಗಿನಿಂದ ಅಗುಳಿ ಹಾಕಿದೆ. ಎಲ್ಲಪ್ಪ ಓಡಿ ಬಂದು, "ಸ್ವಾಮಿ, ಉದುರಿದ್ದಕ್ಕೆ ಯಾರೂ ಕಳ್ತನ ಅನ್ನಲ್ಲ, ಬಿಟ್ಬಿಡಿ," ಎಂದ. ಬಿಡುವುದೆಂದರೇನು! ಊದಿದ ಸೀಟಿಯನ್ನು ವಾಪಸ್ಸು ತೆಗೆದುಕೊಳ್ಳುವುದು ಹೇಗೆ? ಠಾಣೆಗೆ ಒಪ್ಪಿಸುತ್ತೇನೆ ಎಂದು ಅಗುಳಿ ತೆಗೆದು ಅವಳನ್ನು ಹೊರಡಿಸಿಬಿಟ್ಟೆ.

ಮುಂದೆ ಅವಳು, ಹಿಂದೆ ನಾನು, ಎರಡು ಮೈಲಿ ಬಿಸಿಲು. ಸ್ವಲ್ಪ ದೂರ ನಡೆದು ಅವಳು ತಿರುಗಿ ನಿಂತಳು. "ನಾಯನಾ, ನಾನು ಮರ ಮುಟ್ಟಿಲ್ಲ. ನಾಳೆ ಸುಗಟೂರಿನೋರು ನನ್ ಮಗಳಿಗೆ ತಾಂಬೂಲ ಬದಲಾಯಿಸೋಕೆ ಬರ್ತಾವ್ರೆ. ಮಾವಿನಕಾಯಿ ಚಿತ್ರಾನ್ನ ಮಾಡಾನ ಅಂತ ಹೆಕ್ಕಿದೆ. ಈವತ್ತು ಸಂತೆ, ಬೀದಿ ತುಂಬ ಜನ. ಠಾಣೆ ಮೆಟ್ಲು ಹತ್ತಿದೋಳ ಮಗಳನ್ನ ಯಾರು ತಂದ್ಕೋತಾರೆ, ನೀನೇ ಹೇಳು."

ಅಲ್ಲೇ ಕೈಮುಗಿದು ಕಳಿಸಿಬಿಡಬಹುದಾಗಿತ್ತು. ಆದರೆ ಹಿಂದೆ ಇನ್ನೊಬ್ಬ ಕಾವಲುಗಾರ ಬರುತ್ತಿದ್ದ, ಎದೆಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು. ನಡಿ ನಡಿ ಎಂದೆ. ಆ ಎರಡು ಮಾತು ನೆನೆಸಿಕೊಂಡರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸಂತೆ ಬೀದಿ ದಾಟುವಾಗ ಜನ ಚೌಕಾಶಿ ಬಿಟ್ಟು ನಮ್ಮನ್ನೇ ನೋಡಿದರು. ಪಾಪಕ್ಕ ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದಳು. ಠಾಣೆಯ ಜಗಲಿಯಲ್ಲಿ ದಫೇದಾರರು ನಿಂತಿದ್ದರು. ವಯಸ್ಸಾದವರು, ಬಿಳಿ ಮೀಸೆ, ಇಡೀ ಸೀಮೆಗೆ ಅವರೂ ಇಬ್ಬರು ಪೇದೆಗಳೂ ಅಷ್ಟೆ. ನಮ್ಮನ್ನು ನೋಡಿದರು, ಮಡಿಲನ್ನು ನೋಡಿದರು, ಹಿಂದೆ ನೆರೆದ ಜನವನ್ನೂ ನೋಡಿದರು. ಆಮೇಲೆ ಬೀದಿಯ ಕೊನೆಯವರೆಗೆ ಕೇಳುವ ಹಾಗೆ, "ಬಾಮ್ಮಾ ಪಾಪಕ್ಕ! ಹೇಳಿ ಕಳಿಸಿದ ತಕ್ಷಣ ಬಂದ್ಯಲ್ಲ, ಭಾಳ ಸಂತೋಷ. ಇಂಥಾ ಸಾಕ್ಷಿ ಇದ್ರೆ ಪೋಲೀಸಿಗೆ ಏನು ಕಷ್ಟ!" ಎಂದು ತಾವೇ ಬೆಂಚು ಎಳೆದು ಕೂರಿಸಿದರು. ಸಾಕ್ಷಿಯೆಂದರೆ ಸಂತೆಗೆ ಸ್ವಾರಸ್ಯ ಕಡಿಮೆ. ಜನ ಕರಗಿದರು.

ಒಳಗೆ ಬಂದು ಬಾಗಿಲು ಮುಂದೆ ಮಾಡಿ ನನ್ನ ಕಡೆ ತಿರುಗಿದರು. "ಏನ್ರೀ ಸಾಹೇಬ್ರೆ, ನಿಮಗೆ ಈ ಖಾಕಿ ಯಾರು ಕೊಟ್ರು?"

"ದೊಡ್ಡಪ್ಪ," ಎಂದೆ.

"ಹೆಣ್ಣುಮಗಳನ್ನ ಗುಡಿಸಲಲ್ಲಿ ಕೂಡಿಹಾಕೋಕೆ ಹುಕುಂ ಯಾರು ಕೊಟ್ರು? ಅದೂ ದೊಡ್ಡಪ್ಪಾನೇನಾ?" ಕೂಡಿಹಾಕಿದ ಸುದ್ದಿಯನ್ನು ಎಲ್ಲಪ್ಪ ಅಡ್ಡದಾರಿಯಲ್ಲಿ ಓಡಿ ಬಂದು ಮೊದಲೇ ಮುಟ್ಟಿಸಿದ್ದನಂತೆ. "ಕಾಯಿ ಹೆಕ್ಕಿದ್ದಕ್ಕೆ ಕೇಸಿಲ್ಲ. ಕೂಡಿಹಾಕಿದ್ದಕ್ಕೆ ಇದೆ. ತಪ್ಪಿತಸ್ಥರು ನೀವು. ಬೆಲ್ಟು, ಸೀಟಿ ಮೇಜಿನ ಮೇಲಿಡಿ." ಇಟ್ಟೆ. ಅವರು ದವಾತಿನಲ್ಲಿ ಲೇಖನಿ ಅದ್ದಿ, "ಬರೆಯಲೇನಮ್ಮ?" ಎಂದು ಪಾಪಕ್ಕನನ್ನು ಕೇಳಿದರು.

ಅವಳು ಸೆರಗು ಸರಿಸಿ ನನ್ನನ್ನು ನೋಡಿದ ಆ ಗಳಿಗೆ ಇದೆಯಲ್ಲ, ಎರಡು ಪರೀಕ್ಷೆಗಳ ಫಲಿತಾಂಶ ಕಾಯುವಾಗಲೂ ನನಗೆ ಹಾಗಾಗಿರಲಿಲ್ಲ. "ಬ್ಯಾಡ ಸ್ವಾಮಿ," ಅಂದಳು. "ನಾಳೆ ನಮ್ಮನೇಲಿ ಶುಭಕಾರ್ಯ. ಆದ್ರೆ ಜನ ಎಲ್ಲಾ ನೋಡವ್ರೆ. ಈ ಕಾಯಿ ಇವನೇ ಹೊತ್ಕೊಂಡು ಮನೆ ತನಕ ಬಿಟ್ಬರ್ಲಿ."

ಹೊತ್ತೆ. ದಫೇದಾರರು ಸರ್ಕಾರಿ ಬುಟ್ಟಿ ಕೊಟ್ಟರು. ಅದೇ ಸಂತೆ ಬೀದಿ, ಅದೇ ಜನ. ಈ ಸಲ ಮುಂದೆ ಪಾಪಕ್ಕ ತಲೆಯೆತ್ತಿ, ಹಿಂದೆ ಖಾಕಿ ಕೋಟಿನ ನಾನು ತಲೆಯ ಮೇಲೆ ಬುಟ್ಟಿ ಹೊತ್ತು. ಮಾರನೆಯ ದಿನ ಸುಗಟೂರಿನವರು ಬಂದಾಗ, ಆ ಮನೆಗೆ ಕಾಯಿಯನ್ನು ಪೋಲೀಸಿನವರು ಹೊತ್ತು ತಂದುಕೊಡುತ್ತಾರಂತೆ ಎಂಬ ಸುದ್ದಿ ಅವರಿಗಿಂತ ಮೊದಲು ಬಂದು ಕೂತಿತ್ತು. ತಾಂಬೂಲವಾಯಿತು. ಚಿತ್ರಾನ್ನ ನನಗೂ ಬಂತು, ಎಲೆಯಲ್ಲಿ ಸುತ್ತಿ, ಎಲ್ಲಪ್ಪನ ಕೈಯಲ್ಲಿ. ಹುಳಿ ಕೊಂಚ ಮುಂದಾಗಿತ್ತು, ಕಣ್ಣಲ್ಲಿ ನೀರು ಬಂತು. ಹುಳಿಗೇ ಅಂತ ನೀವು ತಿಳಿದುಕೊಂಡರೆ ನನ್ನ ಅಭ್ಯಂತರವಿಲ್ಲ.

ಸೀಟಿಯನ್ನು ಬಿಡಿಸಿಕೊಂಡು ಬರಲು ದೊಡ್ಡಪ್ಪನೇ ಠಾಣೆಗೆ ಹೋದರು. ದಫೇದಾರರು ಕೊಟ್ಟರು, ಆದರೆ ಒಂದು ಷರತ್ತು: ಇನ್ನು ಮೇಲೆ ಅದು ಎಲ್ಲಪ್ಪನ ಕೊರಳಲ್ಲಿರಬೇಕು. "ನಮ್ಮ ಮೂವರಿಗೆ ಇಷ್ಟು ಹಳ್ಳಿ. ಅವನಂಥೋರು ಕಣ್ಣು ಬಿಟ್ಕೊಂಡಿರೋದರಿಂದ ನಾನು ಪೋಲೀಸು ಅನ್ನಿಸ್ಕೊಂಡಿದೀನಿ," ಎಂದರಂತೆ. ಎಲ್ಲಪ್ಪ ಆ ಸೀಟಿಯನ್ನು ಕಳ್ಳರಿಗಾಗಿ ಊದಿದ್ದನ್ನು ನಾನು ಕೇಳಲಿಲ್ಲ. ಗಾಳಿ ಬೀಸಿ ನಿಂತ ಮೇಲೆ ಒಂದೇ ಸಲ ಉದ್ದಕ್ಕೆ ಊದುತ್ತಿದ್ದ, ಬಂದು ಹೆಕ್ಕಿಕೊಳ್ಳಿ ಅಂತ. ಹೆಂಗಸರು ಬರುತ್ತಿದ್ದರು. ಅಷ್ಟು ಜನ ಓಡಾಡುವ ತೋಪಿನಲ್ಲಿ ಮರಕ್ಕೆ ಕೈಹಾಕಲು ಯಾವ ಕಳ್ಳನಿಗೂ ಧೈರ್ಯ ಬರಲಿಲ್ಲ. ದೊಡ್ಡಪ್ಪನ ಪಡೆಗಿಂತ ದೊಡ್ಡ ಪಡೆ ಅದು, ಕೋಟೂ ಬೇಕಾಗಿರಲಿಲ್ಲ.

ಮಾಲೂರಿನ ಆ ಕಾವಲುಗಾರನಿಗೆ ಇದನ್ನೆಲ್ಲ ಹೇಳಬೇಕೆನ್ನಿಸಿತು. ಪಾಪ, ಹೆಂಚಿಗೆ ಬಂದವನು ಕಥೆ ಹೇಳಿದರೆ ಅವನಾದರೂ ಏನು ಮಾಡಿಯಾನು! ಕೇಳಿದ್ದಕ್ಕೆ ಉತ್ತರ ಹೇಳಿ ಒಳಗೆ ಹೋದೆ. ಅಷ್ಟರಲ್ಲಿ ಹಿಂದಿನಿಂದ ಅವನು ಯಾವುದೋ ಗಾಡಿಯನ್ನು ನಿಲ್ಲಿಸಲು ಜೋರಾಗಿ ಸೀಟಿ ಊದಿದ. ಗಾಡಿಯವನು ಬೆಚ್ಚಿ ನಿಂತ, ಎತ್ತುಗಳೂ ನಿಂತವು. ನನ್ನ ಕೈ ಮಾತ್ರ, ನನಗೇ ಗೊತ್ತಿಲ್ಲದೆ, ಎಲ್ಲಪ್ಪನ ಸೀಟಿ ಕೇಳಿದವರ ಹಾಗೆ, ಉದುರುಗಾಯಿ ತುಂಬಿಕೊಳ್ಳುವುದಕ್ಕೆ ಅಂಗವಸ್ತ್ರವನ್ನು ಮುಂದೆ ಚಾಚಿತ್ತು.