ಬೇರಿಲ್ಲದ ಸೆಲರಿ

ಬೆಳಗಿನ ಆರೂವರೆ. ಇಬ್ಬನಿ ಇನ್ನೂ ಆರಿಲ್ಲ. ಬೆಲ್ಜಿಯಂನ ನಮ್ಮ ಕೆಂಪೆನ್ ಸೀಮೆಯ ಒಂದು ಹಿತ್ತಿಲಲ್ಲಿ ವೀರ್ಲೆ ಮಂಡಿಯೂರಿ, ಮುಟ್ಟುವ ಮೊದಲೇ ಸೆಲರಿ ಸೊಪ್ಪನ್ನು ಅನುಮಾನದಿಂದ ನೋಡುತ್ತಿದ್ದಾರೆ. ಹಿಂದೆ ನಿಂತ ಯಜಮಾನ, ಎಪ್ಪತ್ತಾರರ ಸ್ಟಾನ್, ವೀರ್ಲೆಯನ್ನೇ ಅನುಮಾನದಿಂದ ನೋಡುತ್ತಿದ್ದಾರೆ. ಪತ್ರಿಕೆಗೆ ಬರೆಯಲೆಂದು ವೀರ್ಲೆಯ ಜೊತೆ ಬಂದ ನನಗೋ ಇಬ್ಬರ ಮೇಲೂ ಅನುಮಾನ.

ಹದಿನಾಲ್ಕು ವರ್ಷಗಳಿಂದ ಪುರಸಭೆಯ ಪರವಾಗಿ ದಿನಕ್ಕೆ ಆರು ಹಿತ್ತಿಲು ಸುತ್ತಿ, ಮಣ್ಣು, ಸೊಪ್ಪು ತುಂಬಿಕೊಂಡು ಪರೀಕ್ಷೆಗೆ ಒಯ್ಯುವುದು ವೀರ್ಲೆಯ ಕೆಲಸ. ಕಾಫಿ ಕೊಟ್ಟವರಿಗಿಂತ ನಾಯಿ ಬಿಟ್ಟವರೇ ಹೆಚ್ಚು. ಹಿಂದೆ ಇಲ್ಲಿನ ಸತುವಿನ ಕಾರ್ಖಾನೆ ಕಪ್ಪು ಬೂದಿಯನ್ನು ಪುಕ್ಕಟೆ ಕೊಡುತ್ತಿತ್ತು. ಕೆಸರು ತುಳಿಯುವುದು ತಪ್ಪಲಿ ಎಂದು ಊರಿಗೆ ಊರೇ ಅದನ್ನು ತರಕಾರಿ ಮಡಿಗಳ ನಡುವೆ ಹಾದಿಗೆ ಹಾಸಿಕೊಂಡಿತು. ಅದರಲ್ಲಿದ್ದ ಕ್ಯಾಡ್ಮಿಯಂ ಎಂಬ ವಿಷಲೋಹ ಮಣ್ಣಿಗಿಳಿಯಿತು. ಸತುವನ್ನು ಹೀರುವ ಬೇರು ಅದನ್ನೂ ಹೀರಿ ಎಲೆಗೆ ಸಾಗಿಸುತ್ತದೆ.

"ತೊಳೆದು ತಿಂತೀವಿ ಅಂತಾರೆ. ಎಲೆ ಒಳಗಿರೋದನ್ನ ಹೆಂಗೆ ತೊಳೀತಾರೆ?" ಎಂದು ವೀರ್ಲೆ ಗೊಣಗುತ್ತಾರೆ.

ಸ್ಟಾನ್‌ಗೆ ಮೊಮ್ಮಗಳದೇ ಚಿಂತೆ. ನಾಲ್ಕು ವರ್ಷದ ಯೂನಾಗೆ ಅಜ್ಜನ ಮನೆಯ ಸೆಲರಿ ಸೂಪೇ ಆಗಬೇಕು. ಪರೀಕ್ಷೆಯ ವರದಿ ಕೆಟ್ಟದಾಗಿ ಬಂದರೆ ಮಗಳನ್ನು ಇಲ್ಲಿಗೆ ಕಳಿಸುವುದಿಲ್ಲವೆಂದು ಸೊಸೆ ಖಡಾಖಂಡಿತ ಹೇಳಿದ್ದಾಳೆ.

ವೀರ್ಲೆ ಗಿಡ ಎಳೆಯುತ್ತಾರೆ. ಸಲೀಸಾಗಿ ಕೈಗೆ ಬರುತ್ತದೆ. ಬುಡ ನೀಟಾಗಿ ಕತ್ತರಿಸಿದೆ, ಬೇರೇ ಇಲ್ಲ!

"ಏನಣ್ಣ ಇದು? ಅಂಗಡಿ ಸೆಲರಿ ತಂದು ನೆಟ್ಟಿದ್ದೀರಲ್ಲ!"

"ಬೇರು ಇಲಿ ತಿಂದಿರಬೇಕು ಕಣಮ್ಮ."

"ಚಾಕು ಹಿಡ್ಕೊಂಡು ಬರೋ ಇಲೀನಾ?"

ನನಗೆ ನಗು ತಡೆಯಲಾಗುವುದಿಲ್ಲ. ಸ್ಟಾನ್ ನಗುವುದಿಲ್ಲ. "ಮಗು ಇನ್ನು ಈ ಕಡೆ ಬರೋದೇ ಇಲ್ಲ" ಎನ್ನುತ್ತಾರೆ. ಅಯ್ಯೋ ಪಾಪ ಅನಿಸುತ್ತದೆ ನನಗೆ.

ವೀರ್ಲೆ ಬಿಡುವವರಲ್ಲ. "ವರದಿ ಚೆನ್ನಾಗಿ ಬಂದಿದ್ರೆ ಆ ಮಗು ಯಾವುದನ್ನ ತಿಂತಿತ್ತು? ಅಂಗಡೀದಾ, ಇಲ್ಲೀದಾ?"

ಸ್ಟಾನ್ ಗೋಡೆಯಾಚೆಯ ತಮ್ಮ ನಿಜವಾದ ಮಡಿಯತ್ತ ಕೈ ತೋರಿಸುತ್ತಾರೆ. ಅಲ್ಲಿಯ ಸೆಲರಿ ಬೇರುಸಮೇತ, ಕಪ್ಪು ಮಣ್ಣಿನೊಂದಿಗೆ ಚೀಲ ಸೇರುತ್ತದೆ.

"ಮಣ್ಣಿಗೆ ಸುಣ್ಣ ಹಾಕಿ. ಹುರುಳಿಕಾಯಿ ಬೆಳೀರಿ, ಅದು ಇಷ್ಟು ಹೀರಲ್ಲ. ಯೂನಾನ ಕಳಿಸು ಅಂತ ನಿಮ್ಮ ಸೊಸೆಗೆ ನಾನೇ ಹೇಳ್ತೀನಿ" ಎನ್ನುತ್ತಾರೆ ವೀರ್ಲೆ.

ಇಷ್ಟು ಬೈಸಿಕೊಂಡು ಈ ಕೆಲಸ ಯಾಕೆ? ನನ್ನ ಅನುಮಾನ ಇನ್ನೂ ಹೋಗಿಲ್ಲ, ಕೇಳಿಯೇಬಿಡುತ್ತೇನೆ.

"ಆ ಬೂದೀನ ಗಾಡೀಲಿ ಹೇರ್ಕೊಂಡು ಮನೆಮನೆಗೆ ಹಾಕಿದೋರು ನಮ್ಮಪ್ಪ. ಉಪಕಾರ ಅಂದ್ಕೊಂಡಿದ್ರು, ಪಾಪ. ನಾನು ಪರೀಕ್ಷೆಗೆ ಒಯ್ದ ಮೊದಲನೇ ಚೀಲ ನಮ್ಮಮ್ಮನ ಹಿತ್ತಿಲದ್ದೇ. ವರದಿ ಬಂದಮೇಲೆ ಆರು ತಿಂಗಳು ಅಮ್ಮ ನನ್ನ ಹತ್ರ ಮಾತಾಡಲಿಲ್ಲ." ಚೀಲದ ಬಾಯಿ ಕಟ್ಟುತ್ತಾ ವೀರ್ಲೆ ಹೇಳುತ್ತಾರೆ: "ಅಪ್ಪನ ಗಾಡಿ ಹೋದ ಮನೆಗಳಲ್ಲಿ ನನ್ನ ಒಳಗೆ ಬಿಡದೋವು ಇನ್ನೂ ಹನ್ನೊಂದು ಇವೆ. ನಿವೃತ್ತಿ ಒಳಗೆ ಅಷ್ಟು ಮುಗಿಸಿದ್ರೆ ಸಾಕಪ್ಪ."