ಪಟ್ಟಿಯಲ್ಲಿ ಇಲ್ಲದ ಹನ್ನೊಂದನೆಯವರು

ಹೊಸಪೇಟೆಯ ಹೊರಗಿದ್ದ ಟ್ಯೂಬ್‌ಲೈಟ್ ಕಾರ್ಖಾನೆಯಲ್ಲಿ ನನಗೆ ಸಿಕ್ಕ ಕೆಲಸ ಎಂಥದ್ದೆಂದು ಮನೆಯವರಿಗೆ ತಿಳಿಸಿ ಹೇಳುವುದೇ ಕಷ್ಟವಾಗಿತ್ತು. ಅಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. "ಕೆಲಸದೋರು ಉಸಿರಾಡೋ ಗಾಳಿ ಅಳೀತೀನಪ್ಪ" ಎಂದಾಗ ಅವರು ಮೂಗಿಗೆ ಕಟ್ಟಿಕೊಂಡಿದ್ದ ಟವೆಲ್ ಬಿಚ್ಚಿ ತೌಡಿನ ಧೂಳು ಕೊಡವುತ್ತ, "ಗಾಳಿ ಅಳಿಯಾಕೂ ಒಬ್ರನ್ನ ಇಟ್ಟಾರೇನವ್ವ? ಹಂಗಾದ್ರ ಭಾಳ ಛಲೋ ಕಂಪನಿ ಬಿಡು" ಎಂದಿದ್ದರು.

ಟ್ಯೂಬ್‌ಲೈಟಿನೊಳಗೆ ಒಂದಿಷ್ಟು ಪಾದರಸ ಇರುತ್ತದೆ. ಗಾಜಿನ ಕೊಳವೆಯ ಗಾಳಿಯನ್ನು ಹೊರಗೆಳೆದು ಪಾದರಸ ಬಿಡುವ ಯಂತ್ರದ ಸುತ್ತ ಸದಾ ಬಿಸಿ. ಆ ಬಿಸಿಗೆ ಪಾದರಸ ಆವಿಯಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಬಹಳ ಕಾಲ ಅದನ್ನು ಉಸಿರಾಡಿದವರ ಕೈ ನಡುಗತೊಡಗುತ್ತದೆ, ನೆನಪು ಕೈಕೊಡುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ನಾನು ಕೆಲಸಗಾರರ ಸೊಂಟಕ್ಕೆ ಪುಟ್ಟ ಪಂಪು ಕಟ್ಟಿ, ಅದರ ಕೊಳವೆಯನ್ನು ಕಾಲರಿಗೆ ಸಿಕ್ಕಿಸಿ, ಅವರು ದಿನವಿಡೀ ಉಸಿರಾಡಿದ ಗಾಳಿಯಲ್ಲಿ ಪಾದರಸ ಎಷ್ಟಿತ್ತೆಂದು ಪರೀಕ್ಷೆಗೆ ಕಳಿಸಬೇಕಿತ್ತು. ಜೊತೆಗೆ ಅವರ ಮೂತ್ರದ ಪರೀಕ್ಷೆಯೂ ಇತ್ತು. ಗಾಳಿ ಒಂದು ದಿನದ ಕತೆ ಹೇಳಿದರೆ ಮೂತ್ರ ತಿಂಗಳುಗಳ ಕತೆ ಹೇಳುತ್ತದೆ.

ಮ್ಯಾನೇಜರು ಪಟ್ಟಿ ಕೊಟ್ಟರು. ಯಂತ್ರದ ಮುಂದೆ ನಿಲ್ಲುವ ಹತ್ತು ಮಂದಿ. ಎಲ್ಲರ ಫಲಿತಾಂಶವೂ ಮಿತಿಯೊಳಗೇ ಬಂತು. ಅಂದು ಖುಷಿಗೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಡಿಸಿದೆ.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಗೇಟಿನಲ್ಲಿ ನನ್ನ ಮುಂದೆ ಕಸ ಗುಡಿಸುವ ಹೆಂಗಸು ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತಿದ್ದರು. ಕಮಲಾಪುರದಿಂದ ಬಸ್ಸಿಗೆ ಬರುವವರು, ನನ್ನ ಅವ್ವನಷ್ಟೇ ವಯಸ್ಸು; ನಾವೆಲ್ಲ ಅಕ್ಕಾರ ಎನ್ನುತ್ತಿದ್ದೆವು. ಪೆನ್ನು ಹಿಡಿದ ಅವರ ಕೈ ನಡುಗುತ್ತಿತ್ತು. ಬರೆಯಲು ಹೋದ ಅಕ್ಷರ ಗೆರೆ ದಾಟಿ ಪಕ್ಕದ ಚೌಕಕ್ಕೆ ನುಗ್ಗಿತು. ಯಾಕೋ ಅನುಮಾನ ಬಂದು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದೆ. ವರ್ಷದ ಹಿಂದೆ ಅದೇ ಹೆಸರು ಪೋಣಿಸಿದ ಮಣಿಯಂತೆ ದುಂಡಗಿತ್ತು. ತಿಂಗಳು ತಿಂಗಳಿಗೂ ಸೊಟ್ಟಗಾಗುತ್ತ ಬಂದಿತ್ತು.

"ಅಕ್ಕಾರ, ಕೈ ಯಾವಾಗಿಂದ ಹಿಂಗ ಆಗ್ಯಾವ್ರಿ?"

"ವಯಸ್ಸಾತಲ್ರೀ ಮೇಡಂ. ಮನ್ಯಾಗ ಚಾ ಕಪ್ಪೂ ತುಳುಕ್ತೈತಿ. ಅದಕ್ಕ ಲೋಟ ಅರ್ಧಾನ ತುಂಬ್ತೀನಿ."

ಆ ದಿನ ನನ್ನ ಕೆಲಸವನ್ನೆಲ್ಲ ಬಿಟ್ಟು ಅವರ ಹಿಂದೆಯೇ ಸುತ್ತಿದೆ. ಒಡೆದ ಟ್ಯೂಬುಗಳನ್ನು ಅವರು ಒಣ ಕಸಬರಿಗೆಯಿಂದ ಗುಡಿಸುತ್ತಿದ್ದರು. ನೆಲದ ಬಿರುಕುಗಳಲ್ಲಿ ಬೆಳ್ಳಿಯ ಸಾಸಿವೆ ಕಾಳಿನಂಥ ಹನಿಗಳು. ಕಸಬರಿಗೆ ತಾಗಿದಾಗ ಒಂದು ಹತ್ತಾಗಿ ಚದುರುತ್ತಿದ್ದವು. ಮುಚ್ಚಳವಿಲ್ಲದ ಡ್ರಮ್ಮಿಗೆ ಗಾಜು ಸುರಿದು, ಇನ್ನಷ್ಟು ಹಿಡಿಯಲೆಂದು ಮುಖ ಬಗ್ಗಿಸಿ ಕಟ್ಟಿಗೆಯಿಂದ ಕುಟ್ಟುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಸೀರೆಯಲ್ಲಿ ಬಸ್ಸು ಹತ್ತಿ ಮನೆಗೆ ಹೋಗಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಇಷ್ಟೂ ದಿನ ನಾನು ಅವರ ಪಕ್ಕದಲ್ಲೇ ಓಡಾಡಿದ್ದೆ. ಪಂಪು ಕಟ್ಟುವಾಗ, ಕಾಲು ಎತ್ತಿರಿ ಗುಡಿಸ್ತೀನಿ ಎಂದು ಅವರು ಹೇಳಿದ್ದೂ ನೆನಪಾಯಿತು. ಪಟ್ಟಿಯಲ್ಲಿ ಇಲ್ಲದವರು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಅಕ್ಕಾರಿಗೂ ಪರೀಕ್ಷೆ ಮಾಡಬೇಕೆಂದು ಮ್ಯಾನೇಜರಲ್ಲಿಗೆ ಹೋದೆ. "ಅವರು ಕಾಂಟ್ರ್ಯಾಕ್ಟಿನವರಮ್ಮ, ನಮ್ಮ ಪಟ್ಟಿಗೆ ಬರೋದಿಲ್ಲ" ಎಂದರು.

"ಉಸಿರಾಡೋದು ನಮ್ಮ ಶೆಡ್ಡಿನ ಗಾಳೀನೇ ಅಲ್ವಾ ಸರ್?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವರು ಪೆನ್ನು ಕೆಳಗಿಟ್ಟು, "ಮಾಡು" ಎಂದರು.

ಅಕ್ಕಾರನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. ಪಂಪನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗ ನಾವು ಮಾತಾಡಿದ್ದು ಸಾಹೇಬ್ರಿಗೆ ಕೇಳಿಸ್ತೈತೇನ್ರಿ?" ಎಂದರು. ಮೂತ್ರದ ಡಬ್ಬಿ ಕೊಟ್ಟಾಗ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ನಗು ನಿಂತಿತು.

"ನನ್ನ ಮೈಯಾಗ ಆ ಪಾದರಸ ಐತಿ ಅಂತ ಗೊತ್ತಾದ್ರ ಕೆಲಸದಿಂದ ತಗೀತಾರ. ಬ್ಯಾಡ ಬಿಡ್ರಿ ಮೇಡಂ."

ಮತ್ತೆ ಮ್ಯಾನೇಜರಲ್ಲಿಗೆ ಹೋಗಿ, ಫಲಿತಾಂಶ ಏನೇ ಬಂದರೂ ಕೆಲಸ ಹೋಗುವುದಿಲ್ಲ, ಸಂಬಳ ಕಡಿಮೆಯಾಗುವುದಿಲ್ಲ ಎಂದು ಬರೆಸಿಕೊಂಡು ಬಂದು ಅವರೆದುರು ಓದಿದೆ. ಅಕ್ಕಾರ ಕಾಗದ ಇಸಿದುಕೊಂಡು ಮ್ಯಾನೇಜರ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಕೊಡು ಯವ್ವಾ ಡಬ್ಬಿ" ಎಂದರು. ಅವತ್ತಿನಿಂದ ನಾನು ಮೇಡಂ ಆಗಿ ಉಳಿಯಲಿಲ್ಲ.

ಯಂತ್ರದ ಮುಂದಿನ ಹತ್ತು ಜನರಲ್ಲಿ ಯಾರಿಗೂ ಇಲ್ಲದಷ್ಟು ಪಾದರಸ ಅವರ ಮೂತ್ರದಲ್ಲಿತ್ತು. ಗಾಳಿಯದ್ದೂ ಮಿತಿ ಮೀರಿತ್ತು. ನಾನು ಗಾಳಿಯಲ್ಲಿನ ಪಾದರಸವನ್ನು ಅಲ್ಲೇ ತೋರಿಸುವ ಕೈಮೀಟರನ್ನು ಒಯ್ದು ಮ್ಯಾನೇಜರ ಕಣ್ಣೆದುರೇ ಡ್ರಮ್ಮಿನ ಬಾಯಿಗೆ ಹಿಡಿದೆ. ಅಂಕೆ ಏರುತ್ತಲೇ ಹೋಯಿತು, ಮೀಟರು ಕೂಗಿಕೊಂಡಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅಕ್ಕಾರ ದಿನಾ ಬಗ್ಗುತ್ತಿದ್ದ ಜಾಗ ಅದು ಎಂದು ನಾನು ಹೇಳಬೇಕಾಗಲೇ ಇಲ್ಲ.

ಆಮೇಲೆ ಕೆಲಸಗಳು ಜಲ್ದಿ ಆದವು. ಡ್ರಮ್ಮಿಗೆ ಗಟ್ಟಿ ಮುಚ್ಚಳ ಬಂತು, ಅದರ ಮೇಲೆ ಆವಿ ಹೀರುವ ಕೊಳವೆ ಬಂತು. ಒಣ ಕಸಬರಿಗೆಯನ್ನು ಶೆಡ್ಡಿನಿಂದಲೇ ಹೊರಗೆ ಹಾಕಿದೆವು; ಪಾದರಸಕ್ಕೆಂದೇ ಮಾಡಿದ ವ್ಯಾಕ್ಯೂಮ್ ತರಿಸಿದೆವು, ಯಾಕೆಂದರೆ ಮಾಮೂಲಿ ವ್ಯಾಕ್ಯೂಮ್ ಆವಿಯನ್ನು ಇನ್ನಷ್ಟು ಹರಡುತ್ತದೆ. ನೆಲದ ಬಿರುಕುಗಳನ್ನು ಮುಚ್ಚಿಸಿದೆವು. ಪಾದರಸ ಮನೆಗೆ ಹೋಗಬಾರದೆಂದು ಕೆಲಸದ ಬಟ್ಟೆ, ಬೂಟು ಒಳಗೇ, ಹೊರಗಿನವು ಹೊರಗೇ. ಸ್ನಾನ ಮಾಡಿ ಮನೆ ಬಟ್ಟೆ ಉಟ್ಟೇ ಹೊರಗೆ. ಬಳ್ಳಾರಿಯಿಂದ ಬಂದ ವೈದ್ಯರ ಮಾತಿನಂತೆ ಅಕ್ಕಾರನ್ನು ಕೆಲ ತಿಂಗಳು ಪ್ಯಾಕಿಂಗಿಗೆ ಹಾಕಿದೆವು. ಪ್ರತಿ ಪರೀಕ್ಷೆಯಲ್ಲೂ ಅಂಕೆ ಇಳಿಯಿತು. ಕೊನೆಗೊಮ್ಮೆ ಮಿತಿಯೊಳಗೆ ಬಂದಾಗ ಚೀಟಿ ಹಿಡಿದುಕೊಂಡು ಪ್ಯಾಕಿಂಗಿಗೆ ಓಡಿದೆ. ಅಕ್ಕಾರ ಅದನ್ನು ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು. ಕೈ ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ನಡುಕ ಬಹಳ ತಗ್ಗಿತು. ಇನ್ನೂ ಬೇಗ ನೋಡಿದ್ದರೆ ಎಂಬ ನೋವು ನನ್ನಲ್ಲಿ ಉಳಿದಿದೆ. ಆದರೂ ಅದೊಂದು ಕೆಲಸದ ಬಗ್ಗೆ ನನಗಿರುವ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ.

ಅಕ್ಕಾರ ಮತ್ತೆ ಶೆಡ್ಡಿಗೆ ಬಂದದ್ದು ಗುಡಿಸಲಿಕ್ಕಲ್ಲ. ಹೊಸಬರಿಗೆ ಸ್ವಚ್ಛತೆ ಕಲಿಸುವ ಕೆಲಸ ಅವರದಾಯಿತು. ಒಂದು ಬೆಳಿಗ್ಗೆ ದೊಡ್ಡ ಆಫೀಸಿನಿಂದ ಬಂದ ಅಧಿಕಾರಿಯೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ಹೊರಗಿನ ಬೂಟಿನಲ್ಲಿ ಒಳಗೆ ಕಾಲಿಡಲು ಹೊರಟರು. ಬಾಗಿಲಿಗೆ ಅಡ್ಡವಾಗಿ ಅಕ್ಕಾರ ನಿಂತರು.

"ಸಾಹೇಬ್ರ, ಬೂಟು ಬಿಡ್ರಿ. ಅಲ್ಲಿ ಕುಂದ್ರಿ, ಬ್ಯಾರೇ ಬೂಟು ಕೊಡ್ತೀನಿ."

ಅಧಿಕಾರಿ ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಅಷ್ಟರಲ್ಲಿ ಬೆಂಚಿನ ಮೇಲೆ ಕೂತು ತಮ್ಮ ಬೂಟಿನ ಲೇಸು ಬಿಚ್ಚುತ್ತಿದ್ದರು.